ಹಸಿರು ದೀಪಕ್ಕೆ ಬಗ್ಗದ ದಾರದಕ್ಕ

ನಲವತ್ತೆರಡು ವರ್ಷ ಟ್ಯಾಕ್ಸಿ ಓಡಿಸಿದವನು ನಾನು. ಈ ನಲವತ್ತೆರಡು ವರ್ಷದಲ್ಲಿ ನನ್ನ ಗಾಡಿಯ ಚಕ್ರ ಒಂದೇ ಒಂದು ಸಲವೂ ರಸ್ತೆಯ ಅಂಚುಕಲ್ಲಿಗೆ ತಾಗಿಲ್ಲ. ಅಂಚುಕಲ್ಲಿನ ಮಾತು ಹಾಗಿರಲಿ, ದಾರಿಯಲ್ಲಿ ಬಿದ್ದ ತರಗೆಲೆಯನ್ನೂ ನಾನು ಅದರ ಒಪ್ಪಿಗೆ ಕೇಳದೆ ತುಳಿದವನಲ್ಲ. ಸ್ಟೇರಿಂಗ್ ಮೇಲೆ ಎರಡು ಬೆರಳಿಟ್ಟರೆ ಸಾಕು, ಚಕ್ರದ ಕೆಳಗೆ ಸಿಕ್ಕಿದ್ದು ಅಕ್ಕಿಕಾಳೋ ಗೋಧಿಕಾಳೋ ಎಂದು ಹೇಳಬಲ್ಲೆ. ಅಕ್ಕಿಯಾದರೆ ಹಳೆಯದೋ ಹೊಸದೋ ಎಂಬುದನ್ನೂ.

ಇದನ್ನು ನಾನು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ದಿನಕ್ಕೆ ಎರಡು ಸಲ, ರಜಾ ದಿನ ಮೂರು ಸಲ ಹೇಳುತ್ತಿದ್ದೆ. ಕೇಳಿದವರೆಲ್ಲ ತಲೆದೂಗುತ್ತಿದ್ದರು. ಊರಿನಲ್ಲಿ ತೂಗದೆ ಉಳಿದ ತಲೆ ಒಂದೇ. ಅದು ದಾರದಕ್ಕನದು.

ದಾರದಕ್ಕ ನನಗಿಂತ ಹತ್ತು ವರ್ಷ ಚಿಕ್ಕವಳು. ಆದರೂ ಊರಿನ ಡ್ರೈವರುಗಳಿಗೆಲ್ಲ ಅಕ್ಕ, ನನಗೂ ಅಕ್ಕ. ಅವಳ ತಮ್ಮನ ಟೈರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಬಲಮೂಲೆಯಲ್ಲಿ, ಹೆಗಲಷ್ಟು ಆಳದ ಒಂದು ಗುಂಡಿ ಇದೆ. ಅದರ ಮೇಲೆ ಗಾಡಿ ನಿಲ್ಲಿಸಿ, ನಾಲ್ಕು ಕಬ್ಬಿಣದ ಗೂಟಗಳಿಗೆ ಗಾಡಿಯ ಎರಡೂ ಬದಿ ದಾರ ಎಳೆದು ಕಟ್ಟಿ, ದಾರಕ್ಕೂ ಚಕ್ರದ ಅಂಚಿಗೂ ಎಷ್ಟು ಅಂತರ ಎಂದು ಸ್ಟೀಲ್ ಸ್ಕೇಲಿನಿಂದ ಅಳೆದು, ಸೊಟ್ಟ ನಿಂತ ಚಕ್ರವನ್ನು ನೆಟ್ಟಗೆ ನಿಲ್ಲಿಸುವುದು ಅವಳ ಕೆಲಸ. ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ಅವಳು ಕಟ್ಟಿದ ದಾರ ಎಷ್ಟು ಬಿಗಿಯೆಂದರೆ, ಒಮ್ಮೆ ಅದರ ಮೇಲೆ ಕೂತ ನೊಣವೊಂದು ಚಿಮ್ಮಿ ಹೋಗಿದ್ದು ಇವತ್ತಿಗೂ ಮೂರನೇ ಬೀದಿಯಲ್ಲಿ ಇಳಿಯಲು ಜಾಗ ಹುಡುಕುತ್ತಿದೆ.

ದಾರ ಬರುವುದು ಗಂಡನ ಅಂಗಡಿಯಿಂದ. ಗಂಡ ದರ್ಜಿ, ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಾನೆ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡೇ ಇರುವುದರಿಂದ ಮದುವೆಯಾದಂದಿನಿಂದ ಹೆಂಡತಿಗೆ ಎದುರು ಮಾತಾಡಿಲ್ಲ. ಅವನು ಹೊಲಿದುಕೊಟ್ಟ ನೀಲಿ ನಿಲುವಂಗಿಗೆ ಹದಿನಾಲ್ಕು ಜೇಬು. ಹದಿಮೂರರಲ್ಲಿ ಸ್ಪ್ಯಾನರು, ಸ್ಕೇಲು, ದಾರದುಂಡೆ. ಹದಿನಾಲ್ಕನೆಯದರಲ್ಲಿ ಏನಿದೆ ಎಂದು ಕೇಳಿದವರಿಗೆ "ನಿಮ್ಮಂಥೋರಿಗೆ ಕೊಡೋ ಉತ್ತರ" ಎನ್ನುತ್ತಾಳೆ.

ಗಾಡಿ ತಂದವರ ಚಪ್ಪಲಿಯನ್ನು ಮೊದಲು ನೋಡುವುದು ಅವಳ ಪದ್ಧತಿ. "ಬಿಚ್ಚಿ ಇಲ್ಲಿಡಿ" ಎಂದು ಹೇಳಿ, ಚಪ್ಪಲಿ ಮಗುಚಿ ಹಾಕಿ ತೋರಿಸುತ್ತಾಳೆ. "ನೋಡಿ, ನೀವು ಪಾದ ಒಳಕ್ಕೆ ತಿರುಗಿಸಿ ನಡೀತೀರ. ಅದಕ್ಕೇ ಈ ಪಕ್ಕ ಸವೆದಿದೆ. ಚಕ್ರನೂ ಪಾದಾನೇ. ಎರಡು ಚಕ್ರ ಒಂದಕ್ಕೊಂದು ಮುಖ ತಿರುಗಿಸಿ ನಿಂತ್ರೆ ಗಾಡಿ ಉರುಳಲ್ಲ, ತೆವಳುತ್ತೆ. ಒಂದು ಮೈಲಿ ಹೋದ್ರೆ ಇಷ್ಟು ಮಾರು ರಬ್ಬರನ್ನ ರಸ್ತೆಗೆ ಒರೆಸ್ಕೊಂಡೇ ಹೋಗುತ್ತೆ." ಕೇಳಿದವರು ಮನೆಗೆ ಹೋಗುವಾಗ ಗಾಡಿಯ ಜೊತೆ ತಮ್ಮ ನಡಿಗೆಯನ್ನೂ ತಿದ್ದಿಕೊಂಡು ಹೋಗುತ್ತಿದ್ದರು. ನಮ್ಮ ಊರಿನವರು ನೆಟ್ಟಗೆ ನಡೆಯುತ್ತಾರೆಂಬ ಒಳ್ಳೆಯ ಹೆಸರಿಗೆ ಅರ್ಧ ಕಾರಣ ಇವಳೇ.

ಅವಳ ಅಪ್ಪ ಅಂಗಡಿ ಹಾಕಿದಾಗ ಅವಳಿಗೆ ಏಳು ವರ್ಷ. ದಾರದ ಆ ತುದಿ ಹಿಡಿಯಲು ಆಳಿರಲಿಲ್ಲ, ಮಗಳು ಹಿಡಿದಳು. ಅವಳಿಗೆ ಹದಿನೆಂಟಾದಾಗ ಅಪ್ಪನ ಕಣ್ಣು ಮಂಜಾಗಿ ಎರಡೂ ತುದಿ ಅವಳದೇ ಆಯಿತು. ಸಾಯುವ ಮುಂಚೆ ಅಪ್ಪ ಹೇಳಿದ್ದು "ಅಂಗಡಿ ಮಗನಿಗೆ, ಮೂಲೆ ಮಗಳಿಗೆ" ಎಂದು. ಕಾಗದಕ್ಕೆ ಇಳಿದದ್ದು ಮೊದಲಿನ ಅರ್ಧ ಮಾತ್ರ.

ಹೋದ ವರ್ಷ ತಮ್ಮ ಮಿಶಿನ್ನು ತಂದ. ನಾಲ್ಕು ಚಕ್ರಕ್ಕೂ ಕನ್ನಡಿಯಂಥ ತಟ್ಟೆ ಸಿಕ್ಕಿಸಿದರೆ ಎದುರಿನ ಪರದೆಯಲ್ಲಿ ಗಾಡಿಯ ಜಾತಕವೇ ಮೂಡುತ್ತದೆ. ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು. ಅದನ್ನು ನಡೆಸಲು ಟೈ ಕಟ್ಟಿದ ಒಬ್ಬ ಇಂಜಿನಿಯರು ಬಂದ. ಮಾತಿಗೊಮ್ಮೆ "ಹಸಿರು ಬಂತು ಸಾರ್, ಇನ್ನು ಚಿಂತೆ ಬಿಡಿ" ಎನ್ನುತ್ತಿದ್ದದ್ದರಿಂದ ಅವನಿಗೆ ಸ್ಟ್ಯಾಂಡಿನವರು ಹಸಿರುದೀಪ ಎಂದೇ ಹೆಸರಿಟ್ಟರು. ಒಳ್ಳೆಯ ಮನುಷ್ಯ. ಟೈ ಮಾತ್ರ ಸ್ವಲ್ಪ ಉದ್ದ.

ಮಿಶಿನ್ನು ಬಂದ ಮೇಲೆ ತಮ್ಮನಿಗೆ ಮೂಲೆಯ ಗುಂಡಿ ಕಣ್ಣಿಗೆ ಬಿದ್ದ ಕಸದಂತಾಯಿತು. "ಅಕ್ಕಾ, ನಿಂಗೆ ವಯಸ್ಸಾಯ್ತು. ಗುಂಡಿ ಮುಚ್ಚಿ ಅಲ್ಲಿ ಗಿರಾಕಿಗಳಿಗೆ ಕೂರೋ ಜಾಗ ಮಾಡ್ತೀನಿ. ನೀನು ಮನೇಲಿ ಆರಾಮಾಗಿರು" ಎಂದ.

"ಆರಾಮಾಗಿರೋಕೆ ನಂಗೇನು ಕಾಯಿಲೆನಾ?" ಎಂದಳು ಅಕ್ಕ.

ಮರುವಾರ ಸೋಫಾ ಬಂತು. ಅದು ಶೆಡ್ಡಿಗೆ ಬಂದ ಅರ್ಧ ಗಂಟೆಯಲ್ಲಿ ಅದರ ಮೇಲೆ ಗ್ರೀಸು ಮೆತ್ತಿದ ಎರಡು ಜಾಕು ಮಲಗಿದ್ದವು. ಅದರ ಮರುವಾರ ಗುಂಡಿ ತುಂಬಲು ಒಂದು ಲಾರಿ ಜಲ್ಲಿ ಬಂತು. ಅಕ್ಕ ಆ ಜಲ್ಲಿ ಗುಡ್ಡೆಯ ತುದಿಗೆ ಹತ್ತಿ, ಕಾಲು ಚಾಚಿ ಕೂತು, ಊಟದ ಡಬ್ಬಿ ಬಿಚ್ಚಿದಳು. ದಿನಾ ಅಲ್ಲೇ ಊಟ. "ಗಾಳಿ ಚೆನ್ನಾಗಿ ಬರುತ್ತೆ ಕಣೋ, ಒಳ್ಳೆ ಕೆಲಸ ಮಾಡ್ದೆ" ಎಂದು ತಮ್ಮನನ್ನು ಕೂಗಿ ಹೊಗಳುತ್ತಿದ್ದಳು. ತಮ್ಮ ಹಲ್ಲು ಕಡಿದ ಸದ್ದಿಗೆ ಎದುರಿನ ಹಿಟ್ಟಿನ ಗಿರಣಿಯವನು ತನ್ನ ಯಂತ್ರವೇ ಕೆಟ್ಟಿತೆಂದು ಓಡಿಬಂದಿದ್ದನಂತೆ.

ಇನ್ನು ನನ್ನ ಗಾಡಿಯ ವಿಷಯ. ಅದಕ್ಕೆ ಆ ವರ್ಷ ಅದೇನು ಹಸಿವೋ, ಮುಂದಿನ ಟೈರುಗಳನ್ನು ಕರುಂ ಕುರುಂ ಎಂದು ತಿನ್ನತೊಡಗಿತು. ಎರಡು ವರ್ಷ ಬಾಳಬೇಕಾದ ಜೋಡಿ ನಾಲ್ಕು ತಿಂಗಳಿಗೇ ಬೋಳು. ವೃತ್ತದಲ್ಲಿ ತಿರುಗಿಸಿದರೆ ಬೆಕ್ಕಿನ ಬಾಲ ತುಳಿದಂಥ ಸದ್ದು. ಮೂರು ಸಲ ಮಿಶಿನ್ನಿಗೆ ಒಯ್ದೆ. ಅಕ್ಕನ ಹತ್ತಿರ ಹೋಗಲಿಲ್ಲ, ಅವಳು ಪ್ರಶ್ನೆ ಕೇಳುತ್ತಾಳೆ. ಮಿಶಿನ್ನಿನಲ್ಲಿ ಪ್ರಶ್ನೆ ಕೇಳುವುದು ಒಂದು ಹಾಳೆ ಮಾತ್ರ: "ಗಾಡಿ ಎಲ್ಲಾದರೂ ಗುದ್ದಿದೆಯೇ? ಹೌದು, ಇಲ್ಲ." ಮೂರು ಸಲವೂ "ಇಲ್ಲ" ಎಂಬಲ್ಲಿ ಗುರುತು ಹಾಕಿದೆ. ಮೂರು ಸಲವೂ ಹಸಿರು ಬಂತು. ಮೂರು ಸಲವೂ ಗಾಡಿ ಮನೆಗೆ ಹೋಗಿ ಟೈರು ತಿಂದಿತು.

ಕೊನೆಗೆ ಒಂದು ಮಧ್ಯಾಹ್ನ, ತಮ್ಮ ಊಟಕ್ಕೆ ಹೋದ ಹೊತ್ತು ನೋಡಿ, ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದೆ. ಅಕ್ಕ ಟೈರಿನ ಮೇಲೆ ಅಂಗೈ ಆಡಿಸಿದಳು. ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ.

"ನೀನೂ ಮುಟ್ಟು. ಈ ಕಡೆಯಿಂದ ಬೆಕ್ಕಿನ ಬೆನ್ನು, ಆ ಕಡೆಯಿಂದ ಗರಗಸ. ಇದು ಉರುಳಿ ಸವೆದದ್ದಲ್ಲ ಅಣ್ಣ, ಉಜ್ಜಿ ಸವೆದದ್ದು."

ಮುಟ್ಟಿದೆ. ಗರಗಸವೇ. ಅವಳು ನನ್ನ ಕಡೆ ತಿರುಗಿದಳು. "ಎಲ್ಲಿ ಗುದ್ದಿದ್ದು?"

"ನಾನಾ? ನಲವತ್ತೆರಡು ವರ್ಷ..."

"ತರಗೆಲೆ ಕತೆ ಕೇಳಿದೀನಿ. ಎಲ್ಲಿ ಗುದ್ದಿದ್ದು?"

"ಇಲ್ಲಮ್ಮ, ಇಲ್ಲವೇ ಇಲ್ಲ. ಬೇಕಾದ್ರೆ ಸ್ಟೇರಿಂಗ್ ಮುಟ್ಟಿ ಆಣೆ ಮಾಡ್ತೀನಿ."

"ಸರಿ ಬಿಡು. ಟೈರಿಗೆ ಕೆಟ್ಟ ಕನಸು ಬಿದ್ದಿರಬೇಕು" ಎಂದು ಗುಂಡಿಗೆ ಇಳಿದಳು. ಅಳೆಯುವ ಮುಂಚೆ ಚಕ್ರದ ಹಿಂದಿನ ಪ್ರತಿಯೊಂದು ಕೀಲನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸುವುದು ಅವಳ ಅಭ್ಯಾಸ. ಕೆಸರು, ತುಕ್ಕು, ಹಳೆಯ ಗ್ರೀಸು ಎಲ್ಲ ಹೋಗಿ ಗಾಡಿಯ ಹೊಟ್ಟೆ ಬೆಳ್ಳಿಯ ತಟ್ಟೆಯಾಯಿತು. ಒಂದು ಗಂಟೆ ಕಳೆದು ಮೇಲೆ ಬಂದವಳು "ನಾಳೆ ಬೆಳಗ್ಗೆ ಬಾ. ಸ್ಟ್ಯಾಂಡಿನವರನ್ನೂ ಕರ್ಕೊಂಡು ಬಾ" ಎಂದಳು. ಗಾಡಿ ಅಲ್ಲೇ ಉಳಿಯಿತು.

ಮರುದಿನ ಬೆಳಗ್ಗೆ ಹೋದರೆ ಶೆಡ್ಡಿನಲ್ಲಿ ಇಬ್ಬರು ಗಾರೆಯವರು ಕರಣೆ ಹಿಡಿದು ನಿಂತಿದ್ದರು. ಗುಂಡಿ ಅವತ್ತೇ ಮುಚ್ಚಬೇಕೆಂದು ತಮ್ಮನ ಅಪ್ಪಣೆ. ನನ್ನ ಗಾಡಿಯನ್ನು ಪಕ್ಕಕ್ಕೆ ತಳ್ಳಿ ನಿಲ್ಲಿಸಿದ್ದರು. ಅಕ್ಕ ಗುಂಡಿಯೊಳಗೆ ನಿಂತಿದ್ದಳು, ತಲೆ ಮಾತ್ರ ಮೇಲೆ.

"ಅಕ್ಕಾ, ಮೇಲ್ ಬಾ. ಜನ ನೋಡ್ತಿದ್ದಾರೆ."

"ನೋಡ್ಲಿ ಅಂತಾನೇ ಕರೆದಿದ್ದು. ಹಾಕ್ಸು ಜಲ್ಲಿ, ನಾನು ಇಲ್ಲೇ ನಿಂತಿರ್ತೀನಿ. ನಾಳೆ ಗಿರಾಕಿಗಳು ನನ್ನ ತಲೆ ಮೇಲೇ ಕೂರ್ಲಿ, ಸೋಫಾ ಖರ್ಚೂ ಉಳಿಯುತ್ತೆ."

ಗಾರೆಯವರಲ್ಲಿ ಒಬ್ಬ ಕರಣೆ ಕೆಳಗಿಟ್ಟ. ಇನ್ನೊಬ್ಬ ಅದನ್ನು ನೋಡಿ ತಾನೂ ಇಟ್ಟ.

ಅಕ್ಕ ಮೇಲೆ ಬಂದು ನನ್ನ ಗಾಡಿಯ ಬಾನೆಟ್ಟು ತಟ್ಟಿದಳು. "ಲೋ ತಮ್ಮ, ಈ ಗಾಡಿಗೆ ನಿನ್ನ ಮಿಶಿನ್ನು ಮೂರು ಸಲ ಹಸಿರು ಕೊಟ್ಟಿದೆ. ಇನ್ನೂ ಟೈರು ತಿಂತಿದೆ. ಯಾಕೆ ಅಂತ ನಾನು ತೋರಿಸಿದ್ರೆ ಮೂಲೆ ನನ್ನದು ಅಂತ ಕಾಗದದ ಮೇಲೆ ಬರೆದುಕೊಡು. ತೋರಿಸ್ಲಿಲ್ಲ ಅಂದ್ರೆ ಮೊದಲನೇ ಬುಟ್ಟಿ ಜಲ್ಲಿ ನಾನೇ ಸುರೀತೀನಿ."

ಅಷ್ಟು ಜನರ ಎದುರು ತಮ್ಮ ಏನನ್ನುತ್ತಾನೆ? "ಆಯ್ತು, ತೋರ್ಸು" ಎಂದ. ಹಸಿರುದೀಪ ತನ್ನ ಮೂರು ಹಾಳೆಗಳನ್ನೂ ಎದೆಗವಚಿಕೊಂಡು ಬಂದು ನಿಂತ.

ಅಕ್ಕ ಗಂಡನ ಅಂಗಡಿಯಿಂದ ಒಂದು ಡಬ್ಬಿ ಸೀಮೆಸುಣ್ಣದ ಪುಡಿ ತರಿಸಿದ್ದಳು. ಅಂಗಳದ ಸಿಮೆಂಟು ನೆಲದ ಮೇಲೆ ಅದನ್ನು ಜರಡಿ ಹಿಡಿದು ತೆಳ್ಳಗೆ ಹರಡಿದಳು. ಗಾಡಿಯನ್ನು ನನ್ನ ಕೈಯಲ್ಲಿ ನೇರವಾಗಿ ಅದರ ಮೇಲೆ ನಡೆಸಿದಳು. ಎರಡೂ ಚಕ್ರದ ಗುರುತು ಮೊಹರು ಒತ್ತಿದಂತೆ ಮೂಡಿತು, ಗೆರೆಗೆ ಗೆರೆ.

"ಹಸಿರು ಬಂತು ನೋಡಿ" ಎಂದ ಹಸಿರುದೀಪ.

"ಬರ್ಲಿ ಬರ್ಲಿ. ಅಣ್ಣ, ಈಗ ಪೂರ್ತಿ ಬಲಕ್ಕೆ ತಿರುಗಿಸ್ಕೊಂಡು ಬಾ."

ತಿರುಗಿಸಿದೆ. ಗಾಡಿ ಬೆಕ್ಕಿನಂತೆ ಕಿರುಚಿತು. ಇಳಿದು ನೋಡಿದರೆ ಬಲಚಕ್ರದ ಗುರುತು ಮೊದಲಿನಂತೆಯೇ ಇದೆ. ಎಡಚಕ್ರದ್ದು ಬರೆದ ಅಕ್ಷರದ ಮೇಲೆ ಯಾರೋ ತೋಳು ಉಜ್ಜಿದಂತೆ ಕಲಸಿಹೋಗಿತ್ತು.

"ಇಬ್ಬರು ಕೈ ಹಿಡ್ಕೊಂಡು ಕಂಬ ಸುತ್ತುತ್ತಾರೆ ಅಂದ್ಕೊಳ್ಳಿ" ಎಂದಳು ಅಕ್ಕ. "ಕಂಬದ ಹತ್ರ ಇರೋನು ಜಾಸ್ತಿ ತಿರುಗ್ಬೇಕು, ದೂರ ಇರೋನು ಕಮ್ಮಿ. ಚಕ್ರಾನೂ ಹಾಗೇ. ಎಷ್ಟೆಷ್ಟು ತಿರುಗ್ಬೇಕು ಅಂತ ಲೆಕ್ಕ ಹಾಕಿ, ಒಂದೊಂದು ಚಕ್ರಕ್ಕೂ ಒಂದೊಂದು ಕಬ್ಬಿಣದ ತೋಳು ಕೊಟ್ಟಿದ್ದಾರೆ. ಇವನ ಎಡಗಡೆ ತೋಳು ಬಗ್ಗಿದೆ. ಮಿಶಿನ್ನಲ್ಲಿ ಆ ಡೊಂಕು ತೆಗೆದಿಲ್ಲ, ಪಕ್ಕದ ಕಂಬಿ ಉದ್ದಗಿಡ್ಡ ಮಾಡಿ ಮುಚ್ಚಿದ್ದಾರೆ. ನೆಟ್ಟಗೆ ಹೋಗೋವಾಗ ಸಾಧು, ತಿರುಗುವಾಗ ಕಳ್ಳ."

ಬಲಗಡೆಯ ತೋಳಿಗೆ ಸರಿಯಾಗಿ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ ಇಟ್ಟಿದ್ದಳು. ಅದನ್ನೇ ಮಗುಚಿ ಎಡಗಡೆಗೆ ಹಿಡಿದಳು. ಮಧ್ಯೆ ಒಂದು ಬೆರಳು ತೂರುವಷ್ಟು ಸಂದು. ಸ್ಟ್ಯಾಂಡಿನವರೆಲ್ಲ ಒಬ್ಬೊಬ್ಬರಾಗಿ ಚಕ್ರದ ಹಿಂದೆ ಬಗ್ಗಿ ಬೆರಳು ತೂರಿಸಿ ಬಂದರು.

ಹಸಿರುದೀಪನ ಮುಖ ಹಳದಿಗೆ ತಿರುಗಿತು. "ತಿರುವಿನ ಪರೀಕ್ಷೆ ಮಿಶಿನ್ನಲ್ಲೂ ಇದೆ ಮೇಡಂ. ಅದಕ್ಕೆ ಬೇರೆ ಬಟನ್ ಒತ್ಬೇಕು. ಗಾಡಿ ಗುದ್ದಿದೆ ಅಂದೋರಿಗೆ ಮಾತ್ರ ಒತ್ತೋದು. ಇವ್ರು ಮೂರು ಸಲಾನೂ ಇಲ್ಲ ಅಂತ ಬರೆದಿದ್ದಾರೆ, ನೋಡಿ."

ಆಗ ತಮ್ಮನಿಗೆ ಒಂದು ದಾರಿ ಕಂಡಿತು. "ಹೌದಲ್ವಾ? ಇವ್ರು ಗುದ್ದೇ ಇಲ್ಲ. ಊರಿಗೆಲ್ಲ ಗೊತ್ತು, ಇವ್ರು ತರಗೆಲೇನೂ ತುಳಿಯಲ್ಲ. ಹಾಗಾದ್ರೆ ತೋಳು ಬಗ್ಗಿದ್ದು ಹೇಗೆ? ನಿನ್ನೆ ಮಧ್ಯಾಹ್ನದಿಂದ ಗಾಡಿ ಯಾರ ಗುಂಡಿ ಮೇಲಿತ್ತು? ಟೈರು ಸವೆಯೋಕೆ ನೂರು ಕಾರಣ ಇರುತ್ತೆ. ಅಕ್ಕಾ, ತೋಳು ಬಗ್ಸೋಕೆ ಒಂದು ಉದ್ದನೇ ರಾಡು ಸಾಕು."

ಹಳೆಯ ಡೊಂಕಾದರೆ ಮಡಿಕೆಯಲ್ಲಿ ತುಕ್ಕು ಕೂತಿರುತ್ತದೆ. ಅದನ್ನು ತೋರಿಸಿದ್ದರೆ ಸಾಕಿತ್ತು. ಆದರೆ ಅಕ್ಕ ಹಿಂದಿನ ದಿನವೇ ಎಲ್ಲವನ್ನೂ ಸೀಮೆಎಣ್ಣೆ ಹಾಕಿ ಬೆಳ್ಳಿ ಮಾಡಿಟ್ಟಿದ್ದಳು. ಅವಳ ಅಚ್ಚುಕಟ್ಟೇ ಅವಳ ಸಾಕ್ಷಿಯನ್ನು ತೊಳೆದುಹಾಕಿತ್ತು.

"ನೆಟ್ಟಗಿರೋದನ್ನ ಬಗ್ಸೋದು ಅಪ್ಪ ನಂಗೆ ಕಲಿಸ್ಲಿಲ್ಲ" ಎಂದಳು ಅಕ್ಕ. ಯಾರ ಮುಖವನ್ನೂ ನೋಡಲಿಲ್ಲ. ನನ್ನ ಚಪ್ಪಲಿಯನ್ನು ನೋಡುತ್ತ ನಿಂತಳು.

ತಮ್ಮ ಗಾರೆಯವರಿಗೆ ಕೈಸನ್ನೆ ಮಾಡಿದ. ಅವರು ಕರಣೆ ಎತ್ತಿಕೊಂಡರು. ಅಕ್ಕನೂ ಬಗ್ಗಿ ಒಂದು ಬುಟ್ಟಿ ಎತ್ತಿಕೊಂಡಳು. ಆಡಿದ ಮಾತು ಮಾತೇ. ಆದರೆ ಆ ಬುಟ್ಟಿಯನ್ನು ಅವಳು ಹಿಡಿದ ರೀತಿ ನೋಡಿದರೆ ಅದು ಗುಂಡಿಗೆ ಬೀಳುತ್ತದೋ ತಮ್ಮನ ತಲೆಗೆ ಬೀಳುತ್ತದೋ ಹೇಳುವಂತಿರಲಿಲ್ಲ.

ನನ್ನ ಹಿಂದೆ ಸ್ಟ್ಯಾಂಡಿನ ಹದಿನೇಳು ಜನ ಡ್ರೈವರುಗಳು. ಹದಿನೇಳು ಜನಕ್ಕೂ ತರಗೆಲೆಯ ಕತೆ ಬಾಯಿಪಾಠ. ಇಷ್ಟು ದಿನ ನುಂಗಿಕೊಂಡಿದ್ದ ಅಂಚುಕಲ್ಲನ್ನು ಉಗುಳಿದೆ.

"ಬುಟ್ಟಿ ಇಡಮ್ಮ. ಬಗ್ಸಿದ್ದು ನಾನು."

"ಏನಂದ್ರಿ?" ಎಂದ ತಮ್ಮ.

"ಹೋದ ವರ್ಷ. ರೈಲ್ವೆ ಸ್ಟೇಷನ್ನಿಂದ ಟೋಪಿ ಹಾಕಿದ್ದ ಒಬ್ಬ ಗಿರಾಕಿ ಹತ್ತಿದ. ನನ್ನ ಗಾಡಿ ಎರಡೂ ಕೈ ಬಿಟ್ರೂ ಗೆರೆ ಎಳೆದ ಹಾಗೆ ಹೋಗುತ್ತೆ ಅಂದೆ. ಅವನು ನಂಬ್ಲಿಲ್ಲ. ಎರಡೂ ಕೈ ಬಿಟ್ಟೆ. ಬಿಟ್ಟು, ಹಿಂದೆ ತಿರುಗಿ ಅವನ ಮುಖ ನೋಡ್ದೆ, ಹೆಂಗೆ ಅಂತ."

"ಆಮೇಲೆ?" ಹದಿನೇಳು ಗಂಟಲು ಒಟ್ಟಿಗೆ ಕೇಳಿದವು.

"ಗಾಡಿ ಗೆರೆ ಎಳೆದ ಹಾಗೇ ಹೋಯ್ತು. ರಸ್ತೆ ಬಲಕ್ಕೆ ತಿರುಗಿತು."

ಮುಂದಿನದನ್ನೂ ಹೇಳಿಬಿಟ್ಟೆ. ಎಡಚಕ್ರ ಅಂಚುಕಲ್ಲಿಗೆ ಬಡಿದು ಮೇಲೆ ಹತ್ತಿದ್ದು, ಗಿರಾಕಿಯ ಟೋಪಿ ಮುಂದಿನ ಸೀಟಿಗೆ ಬಂದದ್ದು, ಟೋಪಿಯ ಹಿಂದೆ ಗಿರಾಕಿಯೂ ಬಂದದ್ದು. ಆಮೇಲೆ ಎದ್ದ ನಗೆಗೆ ಶೆಡ್ಡಿನ ತಗಡು ಎರಡು ಇಂಚು ಮೇಲೆ ಹೋಗಿದ್ದು ಇನ್ನೂ ಸರಿಯಾಗಿ ಕೂತಿಲ್ಲ. ಅಂದಿನಿಂದ ಸ್ಟ್ಯಾಂಡಿನಲ್ಲಿ ನನ್ನ ಹೆಸರು ಕೈಬಿಟ್ಟಪ್ಪ. ಮೊಮ್ಮಗಳೂ ಹಾಗೇ ಕರೆಯುತ್ತಾಳೆ.

ತಮ್ಮ ಇನ್ನೂ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಸಿರುದೀಪ ತನ್ನ ಮೂರನೇ ಹಾಳೆಯನ್ನು ಮಗುಚಿ, ಖಾಲಿ ಬೆನ್ನನ್ನು ಮೇಲೆ ಮಾಡಿ, ಅವನ ಮುಂದೆ ಹಿಡಿದು ಪೆನ್ನು ಕೊಟ್ಟ. "ಬರೆದುಬಿಡಿ ಸಾರ್" ಎಂದ ಮೆಲ್ಲಗೆ. ತಮ್ಮ ಬರೆದ: "ಬಲಮೂಲೆ, ಗುಂಡಿ ಸಮೇತ, ಅಕ್ಕನದು." ಅಕ್ಕ ಅದನ್ನು ಎರಡು ಸಲ ಓದಿ, "ಸಹಿ ಸೊಟ್ಟ ಬಿದ್ದಿದೆ, ನೆಟ್ಟಗೆ ಹಾಕು" ಎಂದಳು. ಹಾಕಿದ. ಮಡಿಸಿ ಹದಿನಾಲ್ಕನೇ ಜೇಬಿಗೆ ಇಳಿಸಿದಳು.

ಜಲ್ಲಿಯನ್ನು ಅವತ್ತೇ ಅದೇ ಗಾರೆಯವರ ಕೈಯಲ್ಲಿ ಶೆಡ್ಡಿನ ಮುಂದಿನ ಕೆಸರಿಗೆ ಹಾಸಿಸಿದಳು. ಸೋಫಾ ಮಿಶಿನ್ನಿನ ಪಕ್ಕಕ್ಕೆ ಹೋಯಿತು. ಹಸಿರುದೀಪ ಈಗ ಗುದ್ದಿದವರಿಗೂ ಗುದ್ದದವರಿಗೂ ಆ ಇನ್ನೊಂದು ಬಟನ್ ಒತ್ತುತ್ತಾನೆ. ಸಂಶಯ ಬಂದರೆ ಗಾಡಿಯನ್ನು ಮೂಲೆಗೆ ಕಳಿಸಿ, ತಾನೂ ಬಂದು ದಾರದ ಆ ತುದಿ ಹಿಡಿಯುತ್ತಾನೆ. ಟೈ ಗ್ರೀಸಿಗೆ ತಾಗದಿರಲೆಂದು ಹೆಗಲ ಮೇಲೆ ಎಸೆದುಕೊಂಡಿರುತ್ತಾನೆ.

ನನ್ನ ಗಾಡಿಗೆ ಹೊಸ ತೋಳು, ಹೊಸ ಟೈರು ಹಾಕಿ, ದಾರ ಎಳೆದು, ಅಕ್ಕ ಎರಡು ದಿನದಲ್ಲಿ ಕೊಟ್ಟಳು. ವೃತ್ತ ಸುತ್ತಿದೆ. ಬೆಕ್ಕಿಲ್ಲ, ಕಿರುಚಿಲ್ಲ. ಐದು ತಿಂಗಳಾದರೂ ಹೊಸ ಟೈರಿನ ರಬ್ಬರು ಕೂದಲು ಹಾಗೇ ಇತ್ತು. ಖುಷಿ ತಡೆಯಲಾಗದೆ ಶೆಡ್ಡಿಗೆ ಹೋಗಿ, ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಳಗಿದ್ದವಳಿಗೆ ಕೇಳುವಂತೆ ಕೂಗಿದೆ:

"ಅಕ್ಕಾ, ಏನು ಕೈಗುಣ ನಿಂದು! ಈಗ ಗಾಡಿ ಎರಡೂ ಕೈ ಬಿಟ್ರೆ ಗೆರೆ ಎಳೆದ ಹಾಗೆ ಹೋಗುತ್ತೆ. ಒಂದು ಕೂದಲೆಳೆ ಆಚೀಚೆ ಆಗಲ್ಲ. ನೆನ್ನೆ ಎಂಟು ಮೈಲಿ ಕೈ ಮುಟ್ಟಿಸ್ದೆ ಹೋದೆ!"

ಕೆಳಗಿನಿಂದ ಸ್ಪ್ಯಾನರಿನ ಸದ್ದು ನಿಂತಿತು. ತಲೆ ಮೇಲೆ ಬರಲಿಲ್ಲ, ದನಿ ಮಾತ್ರ ಬಂತು.

"ಹಾಗಾದ್ರೆ ಮುಂದಿನ ಸಲ ಗಾಡಿ ಒಂದನ್ನೇ ಕಳ್ಸಣ್ಣ. ಅದು ಸುಳ್ಳು ಹೇಳಲ್ಲ."